ರಕ್ತ ಹೀರುವವನಿಗೆ ಮನಸೋತವರು

ಭಯವೂ ಪ್ರೀತಿಯೂ ಒಂದೇ ಸೂರಿನಡಿ ಬಾಳಲಾರವು ಎಂಬುದು ನಾವೆಲ್ಲ ಒಪ್ಪಿಕೊಂಡು ಬಂದ ಮಾತು. ಕಥೆ ಕಾದಂಬರಿಗಳ ಲೋಕದಲ್ಲಿ ಮಾತ್ರ ಈ ಮಾತು ನಡೆಯುವುದಿಲ್ಲ. ಸತ್ತು ಹೂಳಲ್ಪಟ್ಟವನು ರಾತ್ರಿ ಗೋರಿಯಿಂದೆದ್ದು ಬಂದು ಬದುಕಿರುವವರ ಕುತ್ತಿಗೆಗೆ ಬಾಯಿ ಹಾಕಿ ರಕ್ತ ಹೀರುತ್ತಾನೆಂಬ ಕಲ್ಪನೆಯೇ ಮೈ ನಡುಗಿಸುವಂಥದು. ಅಂಥವನನ್ನೇ ನಾಯಕನನ್ನಾಗಿ ಮಾಡಿ, ಅವನಿಗೊಬ್ಬಳು ನಾಯಕಿಯನ್ನು ಕೊಟ್ಟು ಬರೆದ ಪ್ರಣಯ ಕಾದಂಬರಿಗಳು ಇಂದು ಇಂಗ್ಲಿಷ್ ಪುಸ್ತಕದಂಗಡಿಗಳಲ್ಲಿ ಸಾಲುಸಾಲಾಗಿ ನಿಂತಿವೆ. ಅಮೆರಿಕದ ಸ್ಟೆಫನಿ ಮೇಯರ್ ಅವರ 'ಟ್ವೈಲೈಟ್' ಮಾಲೆಯ ಕಾದಂಬರಿಗಳು 2005ರಿಂದ ಮೊದಲ್ಗೊಂಡು 10 ಕೋಟಿಗೂ ಮಿಕ್ಕಿ ಪ್ರತಿಗಳು ಮಾರಾಟವಾಗಿವೆ. ಓದಿದವರಲ್ಲಿ ಹದಿಹರೆಯದ ಹುಡುಗಿಯರೇ ಬಹುಮಂದಿ.

ಇದನ್ನು ಕೇಳಿದ ಹಿರಿಯರು "ಕಲಿಗಾಲ" ಎಂದು ತಲೆಯಾಡಿಸಿ ಸುಮ್ಮನಾಗಬಹುದು. ಆದರೆ ಇಷ್ಟೊಂದು ಮಂದಿ ಮನಸೋತ ಕಥೆಯಲ್ಲಿ ಮನಸ್ಸಿಗೆ ಬೇಕಾದದ್ದು ಏನೋ ಇರಲೇಬೇಕು. ಅದೇನು? ಹುಡುಗಿಯರು ಮೆಚ್ಚಿದ್ದು ಅವನ ಕೋರೆಹಲ್ಲನ್ನೇ? ಅಥವಾ ಬೇರೆ ಯಾವುದನ್ನಾದರೂ ಮೆಚ್ಚಿ, ಹಲ್ಲನ್ನು ಸಹಿಸಿಕೊಂಡರೇ? ಈ ಪ್ರಶ್ನೆಗೆ ಉತ್ತರ ಹುಡುಕುವಾಗ ನಮ್ಮ ನೆರೆಯ ಮಲೆಯಾಳದ ಯಕ್ಷಿಯೂ ನೆನಪಿಗೆ ಬರುತ್ತಾಳೆ. ಅವಳ ವಿಷಯಕ್ಕೆ ಆಮೇಲೆ ಬರೋಣ.

ಮೊದಲು ಹೆಸರಿನ ಬಗ್ಗೆ ಒಂದು ಮಾತು. ಇಂಗ್ಲಿಷಿನ 'ವ್ಯಾಂಪೈರ್' ಎಂಬುದಕ್ಕೆ ಕನ್ನಡದಲ್ಲಿ ಸರಿಸಮನಾದ ಹಳೆಯ ಪದವಿಲ್ಲ. 'ಚಂದಮಾಮ' ಓದಿ ಬೆಳೆದವರಿಗೆಲ್ಲ ವಿಕ್ರಮನ ಹೆಗಲೇರಿದ ಬೇತಾಳ ಗೊತ್ತು. ಆ ಬೇತಾಳನ ಕಥೆಗಳನ್ನು 1870ರಲ್ಲಿ ಇಂಗ್ಲಿಷಿಗೆ ತಂದ ರಿಚರ್ಡ್ ಬರ್ಟನ್ ಅವನನ್ನು ವ್ಯಾಂಪೈರ್ ಎಂದೇ ಕರೆದುಬಿಟ್ಟ. ಹೆಣದೊಳಗೆ ಹೊಕ್ಕು ಕೂರುತ್ತಾನೆ ಎಂಬಷ್ಟೇ ಹೋಲಿಕೆ. ನಮ್ಮ ಬೇತಾಳನಿಗೆ ಬೇಕಾದದ್ದು ರಕ್ತವಲ್ಲ, ತನ್ನ ಒಗಟಿಗೆ ಉತ್ತರ. ಆದುದರಿಂದ ಈ ಲೇಖನದಲ್ಲಿ ನಾವು ಪಡುವಣದ ಆ ಪ್ರಾಣಿಯನ್ನು ರಕ್ತಪಿಶಾಚಿ ಎಂದು ಕರೆಯುತ್ತೇವೆ.

ಚಪ್ಪಲಿ ಕೇಳಲು ಬಂದ ಹೆಣ

ರಕ್ತಪಿಶಾಚಿ ಹುಟ್ಟಿದಾಗ ಅವನಲ್ಲಿ ಪ್ರೇಮದ ಗಂಧವೂ ಇರಲಿಲ್ಲ. ಅವನ ತವರು ಪೂರ್ವ ಯುರೋಪಿನ ಬಡ ಹಳ್ಳಿಗಳು. 1725ರಲ್ಲಿ, ಆಸ್ಟ್ರಿಯಾದ ಹ್ಯಾಬ್ಸ್‌ಬರ್ಗ್ ಅರಸರ ಆಳ್ವಿಕೆಯಲ್ಲಿದ್ದ ಸೆರ್ಬಿಯಾದ ಒಂದು ಹಳ್ಳಿಯಲ್ಲಿ ಪೀಟರ್ ಪ್ಲೊಗೊಯೊವಿಟ್ಸ್ ಎಂಬ ರೈತ ಸತ್ತ. ಅವನನ್ನು ಹೂಳಿದ ಕೆಲವು ವಾರಗಳ ನಂತರ ಎಂಟೇ ದಿನಗಳಲ್ಲಿ ಒಂಬತ್ತು ಮಂದಿ ಸತ್ತರು. ಪೀಟರ್ ರಾತ್ರಿ ಬಂದು ತಮ್ಮ ಮೇಲೆ ಕುಳಿತು ಕತ್ತು ಹಿಸುಕಿದನೆಂದು ಅವರು ಸಾಯುವ ಮುಂಚೆ ಹೇಳಿದರಂತೆ. ಅವನ ಹೆಂಡತಿಯ ಹೇಳಿಕೆ ಇನ್ನೂ ವಿಚಿತ್ರ. ಗಂಡ ಬಂದು ತನ್ನ ಚಪ್ಪಲಿ ಕೇಳಿದನೆಂದು ಹೇಳಿ ಆಕೆ ಊರನ್ನೇ ಬಿಟ್ಟು ಹೋದಳು. ಹಳ್ಳಿಗರು ಗೋರಿ ಅಗೆದು ನೋಡಿದಾಗ ಹೆಣ ಕೊಳೆತಿರಲಿಲ್ಲ, ಬಾಯಲ್ಲಿ ರಕ್ತವಿತ್ತು. ಎದೆಗೆ ಗೂಟ ಹೊಡೆದು ಹೆಣವನ್ನು ಸುಟ್ಟರು. ಇವೆಲ್ಲವನ್ನೂ ಸರಕಾರಿ ಅಧಿಕಾರಿಯೊಬ್ಬ ವರದಿ ಬರೆದು ಮೇಲಕ್ಕೆ ಕಳುಹಿಸಿದ. 1732ರಲ್ಲಿ ಇಂಥದೇ ಇನ್ನೊಂದು ವರದಿ, ಈ ಬಾರಿ ಸೈನ್ಯದ ವೈದ್ಯರ ಸಹಿಯೊಂದಿಗೆ, ಯುರೋಪಿನ ಪತ್ರಿಕೆಗಳಲ್ಲೆಲ್ಲ ಪ್ರಕಟವಾಯಿತು. ವ್ಯಾಂಪೈರ್ ಎಂಬ ಶಬ್ದ ಇಂಗ್ಲಿಷರ ಬಾಯಲ್ಲಿ ಓಡಾಡತೊಡಗಿದ್ದು ಆಗಲೇ.

ಹೆಣದ ಬಾಯಲ್ಲಿ ರಕ್ತ ಬಂದದ್ದು ಹೇಗೆ ಎಂಬುದಕ್ಕೆ ಇಂದು ಸರಳ ವಿವರಣೆಯಿದೆ. ಹೊಟ್ಟೆಯಲ್ಲಿ ಅನಿಲ ತುಂಬಿ ಹೆಣ ಉಬ್ಬುತ್ತದೆ. ಆ ಒತ್ತಡಕ್ಕೆ ಒಳಗಿನ ಕೆಂಪು ದ್ರವ ಬಾಯಿ ಮೂಗುಗಳಿಂದ ಹೊರಬರುತ್ತದೆ. ಚರ್ಮ ಹಿಂದಕ್ಕೆ ಸರಿಯುವುದರಿಂದ ಉಗುರು ಬೆಳೆದಂತೆ ಕಾಣುತ್ತದೆ. ಸಾಂಕ್ರಾಮಿಕ ರೋಗದಿಂದ ಮನೆ ಮನೆಯಲ್ಲಿ ಸಾವಾಗುತ್ತಿದ್ದಾಗ ಮೊದಲು ಸತ್ತವನ ಮೇಲೆಯೇ ಸಂಶಯ ಹೋಗುವುದೂ ಸಹಜ. 1755ರಲ್ಲಿ ರಾಣಿ ಮರಿಯಾ ಥೆರೇಸಾ ತನ್ನ ಆಸ್ಥಾನ ವೈದ್ಯ ಗೆರಾರ್ಡ್ ಫಾನ್ ಸ್ವೀಟನ್‌ನ ಸಲಹೆಯಂತೆ ಗೋರಿ ಅಗೆದು ಹೆಣ ಸುಡುವುದನ್ನು ನಿಷೇಧಿಸಿದಳು.

ಇಲ್ಲಿ ಒಂದು ಹೋಲಿಕೆ ನಮ್ಮ ಓದುಗರಿಗೆ ತಾನಾಗಿ ಹೊಳೆಯದಿರದು. ಸತ್ತವರು ಬಂದು ತಮಗೆ ಸಲ್ಲಬೇಕಾದದ್ದನ್ನು ಕೇಳುತ್ತಾರೆಂಬ ನಂಬಿಕೆ ನಮ್ಮ ತುಳುನಾಡಿನಲ್ಲೂ ಇದೆ. ಆದರೆ ಇಲ್ಲಿ ಗೂಟ ಹೊಡೆಯುವ ಮಾತಿಲ್ಲ. ಕುಲೆಗೆ ಬಡಿಸುತ್ತೇವೆ. ಮದುವೆಯಾಗದೆ ಸತ್ತವರಿಗೆ ಹೆಣ್ಣು ಗಂಡು ಹುಡುಕಿ, ಸೀರೆ ಕರಿಮಣಿ ಇಟ್ಟು, ಶಾಸ್ತ್ರೋಕ್ತವಾಗಿ ಮದುವೆ ಮಾಡಿಸುತ್ತೇವೆ. ಚಪ್ಪಲಿ ಕೇಳಿದ ಪೀಟರ್ ಇತ್ತ ಕಡೆ ಸತ್ತಿದ್ದರೆ ಅವನಿಗೆ ಒಂದು ಜೊತೆ ಚಪ್ಪಲಿಯಂತೂ ಸಿಗುತ್ತಿತ್ತು!

ಸರೋವರದ ದಂಡೆಯ ಮನೆ

ಹಳ್ಳಿಯ ಈ ಉಬ್ಬಿದ ಹೆಣಕ್ಕೆ ರೇಷ್ಮೆ ಅಂಗಿ ತೊಡಿಸಿ ಶ್ರೀಮಂತರ ಮನೆಯ ಹಜಾರಕ್ಕೆ ಕರೆತಂದವನು ಒಬ್ಬ ಯುವ ವೈದ್ಯ. 1815ರ ಎಪ್ರಿಲಿನಲ್ಲಿ ಇಂದಿನ ಇಂಡೋನೇಷ್ಯದ ತಂಬೋರಾ ಜ್ವಾಲಾಮುಖಿ ಸಿಡಿಯಿತು. ಅದರ ಧೂಳು ಆಕಾಶವನ್ನು ಕವಿದು, ಮರುವರ್ಷ ಯುರೋಪಿನಲ್ಲಿ ಬೇಸಿಗೆಯೇ ಬರಲಿಲ್ಲ. 1816ರ ಆ ಮಳೆಗಾಲದಂಥ ಬೇಸಿಗೆಯಲ್ಲಿ ಸ್ವಿಟ್ಸರ್ಲೆಂಡಿನ ಜಿನೀವಾ ಸರೋವರದ ದಂಡೆಯ ಮನೆಯೊಂದರಲ್ಲಿ ಕವಿ ಬೈರನ್, ಅವನ ಖಾಸಗಿ ವೈದ್ಯ ಜಾನ್ ಪೊಲಿಡೊರಿ, ನೆರೆಯಲ್ಲೇ ತಂಗಿದ್ದ ಕವಿ ಶೆಲ್ಲಿ ಮತ್ತು ಮೇರಿ ಎಲ್ಲರೂ ಹೊರಗೆ ಹೋಗಲಾರದೆ ಕುಳಿತು ದೆವ್ವದ ಕಥೆ ಕಟ್ಟುವ ಪಂಥ ಹೂಡಿದರು. ಮೇರಿ ಕಟ್ಟಿದ್ದು 'ಫ್ರಾಂಕೆನ್‌ಸ್ಟೈನ್'. ಬೈರನ್ ಅರ್ಧಕ್ಕೆ ಬಿಟ್ಟ ಕಥೆಯ ಎಳೆ ಹಿಡಿದು ಪೊಲಿಡೊರಿ ಬರೆದದ್ದು 'ದಿ ವ್ಯಾಂಪೈರ್'. ಅದು 1819ರಲ್ಲಿ ಪ್ರಕಟವಾದಾಗ ಪತ್ರಿಕೆಯವರು ಬೈರನ್‌ನ ಹೆಸರನ್ನೇ ಹಾಕಿದರು, ಕಥೆ ಕೈಯಿಂದ ಕೈಗೆ ಹೋಯಿತು. ನಿಜವಾಗಿ ಬರೆದವನು ಅದಾಗಿ ಎರಡು ವರ್ಷಗಳಲ್ಲಿ, 25ರ ಹರೆಯದಲ್ಲೇ ತೀರಿಕೊಂಡ.

ಆ ಕಥೆಯ ರಕ್ತಪಿಶಾಚಿ ಲಾರ್ಡ್ ರುತ್ವೆನ್ ಹಳ್ಳಿಯ ರೈತನಲ್ಲ, ಲಂಡನ್ನಿನ ಜಮೀನ್ದಾರ. ಬಿಳಿಚಿದ ಮುಖ, ತಣ್ಣನೆಯ ನೋಟ, ಹೆಂಗಸರು ಒಬ್ಬರ ಹಿಂದೊಬ್ಬರು ಬಂದು ಬೀಳುವಂಥ ಮೋಡಿ. ಯಾರನ್ನು ನೋಡಿ ಈ ಚಿತ್ರ ಬರೆದನೆಂಬುದು ಓದಿದವರಿಗೆಲ್ಲ ಗೊತ್ತಿತ್ತು: ತನ್ನ ಧಣಿ ಬೈರನ್‌ನನ್ನೇ. ಇನ್ನೊಂದು ಸ್ವಾರಸ್ಯವಿದೆ. ರುತ್ವೆನ್ ಎಂಬ ಹೆಸರೂ ಪೊಲಿಡೊರಿಯ ಸ್ವಂತದ್ದಲ್ಲ. ಬೈರನ್ ಪ್ರೀತಿಸಿ ಕೈಬಿಟ್ಟ ಲೇಡಿ ಕರೋಲಿನ್ ಲ್ಯಾಂಬ್ ಎಂಬಾಕೆ 1816ರಲ್ಲಿ ಬರೆದ 'ಗ್ಲೆನಾರ್ವನ್' ಕಾದಂಬರಿಯಲ್ಲಿ ಬೈರನ್‌ನಂಥ ಪಾತ್ರಕ್ಕೆ ಇಟ್ಟ ಹೆಸರು ಅದು. ಅಂದರೆ ಸಾಹಿತ್ಯದ ಮೊದಲ ಹೆಸರಾಂತ ರಕ್ತಪಿಶಾಚಿಯ ಹೆಸರು ಬಂದದ್ದು ಮೋಸಹೋದ ಹೆಣ್ಣೊಬ್ಬಳ ಪುಸ್ತಕದಿಂದ. ಗೂಟದಂಚಿನ ಹೆಣ ಅಲ್ಲಿಗೆ ಮುಗಿಯಿತು. ಒಲಿಸಿಕೊಂಡು, ಹೀರಿ, ಎಸೆದು ಹೋಗುವ ಗಂಡಸು ಆ ಜಾಗಕ್ಕೆ ಬಂದ.

ಹೊಸ್ತಿಲಿನ ನಿಯಮ

ಈ ಕಥೆಗಳು ಬೆಳೆಯುತ್ತಿದ್ದಂತೆ ಅವುಗಳೊಳಗೆ ಒಂದು ನಿಯಮವೂ ಬೆಳೆಯಿತು. ನಮ್ಮ ಅಭಿಪ್ರಾಯದಲ್ಲಿ ಇಡೀ ಸೆಳೆತದ ಗುಟ್ಟು ಇರುವುದು ಅದರಲ್ಲೇ. ರಕ್ತಪಿಶಾಚಿಗೆ ಎಷ್ಟೇ ಶಕ್ತಿಯಿರಲಿ, ಮನೆಯವರು ಕರೆಯದೆ ಅವನು ಹೊಸ್ತಿಲು ದಾಟುವಂತಿಲ್ಲ.

ಜಿನೀವಾದ ಆ ಮನೆಯಲ್ಲಿ ಬೈರನ್ ಒಂದು ರಾತ್ರಿ ಕೋಲ್‌ರಿಜ್ ಕವಿಯ 'ಕ್ರಿಸ್ಟಬೆಲ್' ಕವನವನ್ನು ಓದಿ ಹೇಳಿದ್ದ. ಅದರಲ್ಲಿ ಕಾಡಿನಲ್ಲಿ ಸಿಕ್ಕ ಅಪರಿಚಿತ ಸುಂದರಿಯನ್ನು ಕ್ರಿಸ್ಟಬೆಲ್ ತಾನೇ ಎತ್ತಿಕೊಂಡು ಹೊಸ್ತಿಲು ದಾಟಿಸುತ್ತಾಳೆ. ದಾಟಿದ ಮೇಲೆ ಆ ಸುಂದರಿ ಎದ್ದು ನಡೆಯುತ್ತಾಳೆ! ಐರ್ಲೆಂಡಿನ ಶೆರಿಡನ್ ಲೆ ಫಾನು 1871-72ರಲ್ಲಿ ಬರೆದ 'ಕಾರ್ಮಿಲ್ಲಾ'ದಲ್ಲೂ ಅದೇ ಏರ್ಪಾಡು. ಕುದುರೆಗಾಡಿ ಮಗುಚಿ ದಾರಿಯಲ್ಲಿ ಬಿದ್ದ ಹುಡುಗಿಯನ್ನು ಮನೆಯ ಯಜಮಾನನೇ ಅತಿಥಿಯಾಗಿ ಒಳಗೆ ಕರೆದುಕೊಳ್ಳುತ್ತಾನೆ. ಒಂಟಿಯಾಗಿ ಬೆಳೆದ ಅವನ ಮಗಳು ಲಾರಾಳಿಗೆ ಗೆಳತಿಯೊಬ್ಬಳು ಸಿಕ್ಕಿದಳೆಂಬ ಸಂತೋಷ. ಆ ಗೆಳತಿಯ ಅಪ್ಪುಗೆಯಲ್ಲಿ ಅವಳಿಗೆ ಹಿತವೂ ಅಸಹ್ಯವೂ ಒಟ್ಟೊಟ್ಟಿಗೆ ಆಗುತ್ತದೆ. ಈ ಇಬ್ಬಗೆಯ ಭಾವವನ್ನು ಅಷ್ಟು ಸ್ಪಷ್ಟವಾಗಿ ಬರೆದವರು ಅದಕ್ಕೆ ಮುಂಚೆ ಕಡಿಮೆ.

1897ರಲ್ಲಿ ಬ್ರಾಮ್ ಸ್ಟೋಕರ್ ತನ್ನ 'ಡ್ರಾಕುಲಾ'ದಲ್ಲಿ ಈ ನಿಯಮವನ್ನು ಕಾನೂನಿನಂತೆ ವಿಧಿಸಿದ. ಮನೆಯವರಲ್ಲಿ ಒಬ್ಬರು ಕರೆದರೆ ಮಾತ್ರ ಪ್ರವೇಶ, ಒಮ್ಮೆ ಕರೆದ ಮೇಲೆ ಎಷ್ಟು ಬಾರಿಯೂ ಬರಬಹುದು. ಸಿನೆಮಾ ನೋಡಿದವರಿಗೆ ಆಶ್ಚರ್ಯವಾಗಬಹುದು, ಪುಸ್ತಕದ ಡ್ರಾಕುಲಾ ಸುಂದರನಲ್ಲ. ಬಿಳಿ ಮೀಸೆಯ ಮುದುಕ, ಅಂಗೈಯಲ್ಲಿ ಕೂದಲು, ಬಾಯಿಯಲ್ಲಿ ದುರ್ವಾಸನೆ. ನಾಯಕಿ ಮೀನಾ ತಂಗಿದ್ದ ಮನೆಗೆ ಅವನನ್ನು ಕರೆದವಳು ಅವಳಲ್ಲ, ಅಲ್ಲೇ ಇರಿಸಿದ್ದ ಒಬ್ಬ ಹುಚ್ಚ. ಅವಳ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ. ಹಾಗಾಗಿಯೇ 'ಡ್ರಾಕುಲಾ' ಭಯದ ಕಥೆ, ಪ್ರೇಮದ ಕಥೆಯಲ್ಲ. ಅವನನ್ನು ಸುಂದರನನ್ನಾಗಿ ಮಾಡಿದ್ದು ರಂಗಭೂಮಿ ಮತ್ತು ಸಿನೆಮಾ. 1931ರ ಹಾಲಿವುಡ್ ಚಿತ್ರದಲ್ಲಿ ಹಂಗೇರಿಯ ನಟ ಬೇಲಾ ಲುಗೋಸಿ ಉದ್ದ ಕೋಟು ತೊಟ್ಟು ಮೆಟ್ಟಿಲಿಳಿದು ಬಂದಮೇಲೆ ಕೂದಲ ಅಂಗೈಯ ಮುದುಕನನ್ನು ಜನ ಮರೆತೇಬಿಟ್ಟರು.

ಲೇಖನಿ ಕೈ ಬದಲಾಯಿಸಿತು

ಇಲ್ಲಿಯವರೆಗೆ ಹೇಳಿದ ಹಳೆಯ ರಕ್ತಪಿಶಾಚಿ ಕಥೆಗಳನ್ನು ಬರೆದವರೆಲ್ಲ ಗಂಡಸರು. ಅವರ ಕಥೆಗಳಲ್ಲಿ ರಕ್ತಪಿಶಾಚಿಗೆ ಒಲಿದ ಹೆಣ್ಣು ಸಾಯುತ್ತಾಳೆ, ಅಥವಾ ಅವಳನ್ನು ಗಂಡಸರು ಸೇರಿ ಕಾಪಾಡುತ್ತಾರೆ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಇದು ಬದಲಾಯಿತು. ಅಮೆರಿಕದ ಟೆಲಿವಿಷನ್‌ನಲ್ಲಿ 1966ರಲ್ಲಿ 'ಡಾರ್ಕ್ ಶಾಡೋಸ್' ಎಂಬ ಮಧ್ಯಾಹ್ನದ ಧಾರಾವಾಹಿ ಆರಂಭವಾಯಿತು. ನೋಡುವವರಿಲ್ಲದೆ ನಿಲ್ಲುವ ಹಂತಕ್ಕೆ ಬಂದಾಗ, 1967ರಲ್ಲಿ, ಬಾರ್ನಬಾಸ್ ಎಂಬ ರಕ್ತಪಿಶಾಚಿಯನ್ನು ಕೆಲವು ವಾರಗಳ ಮಟ್ಟಿಗೆಂದು ಕಥೆಯೊಳಗೆ ತಂದರು. ಇನ್ನೂರು ವರ್ಷಗಳ ಹಿಂದೆ ಕಳೆದುಕೊಂಡ ಪ್ರೇಯಸಿಯನ್ನು ಮರೆಯಲಾರದ ಆತನಿಗೆ ಮನೆಯಲ್ಲಿರುವ ಗೃಹಿಣಿಯರೂ ಶಾಲೆ ಬಿಟ್ಟು ಬಂದ ಮಕ್ಕಳೂ ಮನಸೋತರು. ಧಾರಾವಾಹಿ 1971ರ ವರೆಗೆ ನಡೆಯಿತು, ಬಾರ್ನಬಾಸ್ ಕೆಲವು ವಾರಗಳಲ್ಲಿ ಹೋಗದೆ ವರ್ಷಗಳ ಕಾಲ ಉಳಿದ.

1976ರಲ್ಲಿ ಆ್ಯನ್ ರೈಸ್ ಎಂಬಾಕೆಯ 'ಇಂಟರ್‌ವ್ಯೂ ವಿದ್ ದ ವ್ಯಾಂಪೈರ್' ಪ್ರಕಟವಾಯಿತು. ರಕ್ತಪಿಶಾಚಿ ತಾನೇ ಕುಳಿತು ತನ್ನ ಕಥೆ ಹೇಳುವ ಪುಸ್ತಕವದು. ಅವನಿಗೆ ತಾನು ಕೊಂದವರ ಬಗ್ಗೆ ಪಶ್ಚಾತ್ತಾಪವಿದೆ. ಈ ಕಾದಂಬರಿಯ ಹಿಂದೆ ಒಬ್ಬ ತಾಯಿಯ ದುಃಖವಿದೆ. ಆಕೆಯ ಐದು ವರ್ಷದ ಮಗಳು 1972ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡಿದ್ದಳು. ಕಾದಂಬರಿಯಲ್ಲಿ ಕ್ಲಾಡಿಯಾ ಎಂಬ ಐದು ವರ್ಷದ ಮಗುವಿದೆ. ಸಾಯಬೇಕಾಗಿದ್ದ ಅವಳನ್ನು ರಕ್ತಪಿಶಾಚಿಯನ್ನಾಗಿ ಮಾಡಿ ಸಾವಿಲ್ಲದವಳನ್ನಾಗಿಸುತ್ತಾರೆ. ಆದರೆ ಮನಸ್ಸು ಬೆಳೆದು ಹೆಂಗಸಾದರೂ ದೇಹ ಮಗುವಿನದಾಗಿಯೇ ಉಳಿಯುತ್ತದೆ. ಸಾವಿಲ್ಲದ ಮಗುವನ್ನು ಬಯಸುವುದು ಏನೆಂಬುದನ್ನೂ, ಆ ಬಯಕೆ ಈಡೇರಿದರೆ ಏನಾದೀತೆಂಬುದನ್ನೂ ಒಂದೇ ಪಾತ್ರದಲ್ಲಿ ಬರೆದಿಟ್ಟ ಈ ಪುಸ್ತಕವನ್ನು ಕೇವಲ ದೆವ್ವದ ಕಥೆ ಎನ್ನಲು ನಮಗೆ ಮನಸ್ಸು ಬಾರದು.

1978ರಲ್ಲಿ ಚೆಲ್ಸಿ ಕ್ವಿನ್ ಯಾರ್ಬ್ರೋ ಸೇಂಟ್ ಜರ್ಮೇನ್ ಎಂಬ ಸಜ್ಜನ ರಕ್ತಪಿಶಾಚಿಯನ್ನು ನಾಯಕನನ್ನಾಗಿ ಮಾಡಿದರು. 2001ರಲ್ಲಿ ಶಾರ್ಲೇನ್ ಹ್ಯಾರಿಸ್ ಬರೆದ ಕಾದಂಬರಿಯಲ್ಲಿ ಕೃತಕ ರಕ್ತ ಕಂಡುಹಿಡಿದು, ರಕ್ತಪಿಶಾಚಿಗಳು ಊರಿನವರ ನಡುವೆ ಬಹಿರಂಗವಾಗಿ ವಾಸಿಸುತ್ತಾರೆ. ಆಮೇಲೆ ಬಂದದ್ದೇ 'ಟ್ವೈಲೈಟ್'. ಮೂವರು ಗಂಡುಮಕ್ಕಳ ತಾಯಿಯಾದ ಗೃಹಿಣಿ ಸ್ಟೆಫನಿ ಮೇಯರ್ 2003ರ ಜೂನ್ ತಿಂಗಳ ಒಂದು ರಾತ್ರಿ ಕಂಡ ಕನಸಿನಿಂದ ಹುಟ್ಟಿದ ಕಥೆಯದು. ನಾಯಕ ಎಡ್ವರ್ಡ್ 1918ರ ಇನ್‌ಫ್ಲುಯೆಂಜಾ ಮಹಾಮಾರಿಯಲ್ಲಿ ಸಾಯುವ ಹಂತದಲ್ಲಿದ್ದಾಗ ರಕ್ತಪಿಶಾಚಿಯಾದವನು. ಅಂದಿನಿಂದ ಅವನಿಗೆ 17ರ ಹರೆಯ. ಮನುಷ್ಯರ ರಕ್ತ ಕುಡಿಯುವುದಿಲ್ಲವೆಂಬ ವ್ರತ ಹಿಡಿದ ಕುಟುಂಬ, ಕಾಡುಪ್ರಾಣಿಗಳ ರಕ್ತದಲ್ಲೇ ತೃಪ್ತಿ. ಸಹಪಾಠಿ ಬೆಲ್ಲಾಳ ರಕ್ತದ ವಾಸನೆ ಅವನನ್ನು ಹುಚ್ಚು ಹಿಡಿಸುತ್ತದೆ. ಆದರೂ ಹತ್ತಿರ ಕುಳಿತು, ಉಸಿರು ಬಿಗಿಹಿಡಿದು, ಅವಳನ್ನು ಮುಟ್ಟದೆ ಇರುತ್ತಾನೆ.

ಮುಚ್ಚಿದ ಬಾಯಿ

ಆ ಮುಟ್ಟದಿರುವುದರಲ್ಲೇ ಈ ಬಗೆಯ ಪ್ರಣಯದ ಸೊಗಸೆಲ್ಲ ಇದೆ ಎಂದು ನಮಗೆ ತೋರುತ್ತದೆ. ಶಕ್ತಿಯಿಲ್ಲದವನ ಸಂಯಮಕ್ಕೆ ಬೆಲೆಯಿಲ್ಲ. ಒಂದು ಕ್ಷಣದಲ್ಲಿ ಕೊಲ್ಲಬಲ್ಲವನು ಕೊಲ್ಲದೆ ನಿಂತರೆ ಅದು ಅವಳಿಗಾಗಿ ಮಾಡಿದ ತ್ಯಾಗ. ರಾತ್ರಿ ಒಂಟಿ ದಾರಿಯಲ್ಲಿ ಹಿಂದಿನಿಂದ ಹೆಜ್ಜೆ ಸಪ್ಪಳ ಕೇಳಿದರೆ ಎದೆ ಡವಗುಟ್ಟದ ಹೆಣ್ಣು ಯಾವ ದೇಶದಲ್ಲಿದ್ದಾಳೆ? ಗಂಡಿನ ಬಲದ ಭಯ ಎಲ್ಲ ಹೆಣ್ಣುಮಕ್ಕಳಿಗೂ ಗೊತ್ತಿರುವ ಭಯ. ಬಾಗಿಲಲ್ಲಿ ನಿಂತು "ಬರಲೇ?" ಎಂದು ಕೇಳುವ, "ಬೇಡ" ಎಂದರೆ ಹಿಂತಿರುಗುವ ಬಲಶಾಲಿಯ ಕಥೆ ಆ ಭಯವನ್ನು ಒಂದಿಷ್ಟು ಹೊತ್ತು ಇಳಿಸಿಡುತ್ತದೆ. ಹಲ್ಲಿಗಿಂತ, ಅವನು ಮುಚ್ಚಿಟ್ಟುಕೊಂಡ ಬಾಯಿಯೇ ಓದುಗಿಗೆ ಪ್ರಿಯ.

ಎರಡನೆಯ ಸೆಳೆತ ಕಾಲದ್ದು. ರಕ್ತಪಿಶಾಚಿ ಮರೆಯುವುದಿಲ್ಲ, ಮುಪ್ಪಾಗುವುದಿಲ್ಲ, ಬಿಟ್ಟು ಹೋಗುವುದಿಲ್ಲ. ನೂರು ವರ್ಷ ಯಾರನ್ನೂ ಒಲಿಯದೆ ಇದ್ದವನು ಇವಳನ್ನು ಒಲಿದ ಎಂಬ ಹೆಮ್ಮೆ ಬೇರೆ. "ನಿನ್ನ ಬಿಡಲಾರೆ" ಎಂಬ ಮಾತನ್ನು ಪ್ರೇಮಿಯೂ ಹೇಳುತ್ತಾನೆ, ದೆವ್ವವೂ ಹೇಳುತ್ತದೆ ಎಂಬುದನ್ನು ಕನ್ನಡಿಗರು ಬಲ್ಲರು. 1979ರಲ್ಲಿ ಅನಂತನಾಗ್, ಲಕ್ಷ್ಮಿ ನಟಿಸಿದ 'ನಾ ನಿನ್ನ ಬಿಡಲಾರೆ' ಚಿತ್ರಕ್ಕೆ ಜನ ಮುಗಿಬಿದ್ದದ್ದು ಆ ಮಾತಿನ ಎರಡು ಅರ್ಥಗಳಿಗೂ ಹೆದರಿ, ಎರಡಕ್ಕೂ ಕರಗಿ.

ಹೊಸ್ತಿಲಿನ ನಿಯಮವನ್ನು ಅತ್ಯಂತ ಹೃದಯಸ್ಪರ್ಶಿಯಾಗಿ ಬಳಸಿದ ಪುಸ್ತಕ ಸ್ವೀಡನ್ನಿನದು. ಯೋನ್ ಐವಿದೆ ಲಿಂಡ್‌ಕ್ವಿಸ್ಟ್ 2004ರಲ್ಲಿ ಬರೆದ, 2008ರಲ್ಲಿ ಚಲನಚಿತ್ರವಾದ ಈ ಕಥೆಯ ಹೆಸರೇ 'ಸರಿಯಾದವರನ್ನು ಒಳಗೆ ಬಿಡು' ಎಂಬ ಅರ್ಥದ್ದು. ಶಾಲೆಯಲ್ಲಿ ಎಲ್ಲರಿಂದ ಪೆಟ್ಟು ತಿನ್ನುವ 12 ವರ್ಷದ ಆಸ್ಕರ್, ಪಕ್ಕದ ಮನೆಗೆ ಬಂದ ಏಲಿ ಎಂಬ ರಕ್ತಪಿಶಾಚಿ. ಕರೆಯದೆ ಬಂದರೆ ಏನಾಗುತ್ತದೆಂದು ಹುಡುಗ ಕೇಳುತ್ತಾನೆ. ಏಲಿ ಕರೆಯದೆಯೇ ಒಳಗೆ ಬಂದು ನಿಲ್ಲುತ್ತಾಳೆ, ಮೈಯಿಂದೆಲ್ಲ ರಕ್ತ ಒಸರತೊಡಗುತ್ತದೆ. ಗಾಬರಿಯಿಂದ ಅವನು ಒಳಗೆ ಬರಲು ಅನುಮತಿ ಕೊಡುತ್ತಾನೆ. ಅಪ್ಪಣೆಯಿಲ್ಲದ ಪ್ರವೇಶ ಹೊಕ್ಕವರನ್ನೇ ಗಾಯಗೊಳಿಸುತ್ತದೆ ಎಂಬುದನ್ನು ಇದಕ್ಕಿಂತ ಸರಳವಾಗಿ ತೋರಿಸಲು ಸಾಧ್ಯವಿಲ್ಲ.

ಸುಣ್ಣ ಕೇಳುವವಳು

ಈಗ ನಮ್ಮ ನೆರೆಯ ಯಕ್ಷಿಯ ಕಡೆಗೆ ಬರೋಣ. ಮಲೆಯಾಳದ ಯಕ್ಷಿ ಬಿಳಿಸೀರೆಯುಟ್ಟು, ಕೂದಲು ಹರಡಿಕೊಂಡು, ರಾತ್ರಿ ಒಂಟಿ ದಾರಿಯಲ್ಲಿ ನಿಂತು ದಾರಿಹೋಕನಲ್ಲಿ ವೀಳ್ಯಕ್ಕೆ ಸುಣ್ಣ ಕೇಳುತ್ತಾಳೆ. ಅವಳಿರುವುದು ಪಾಲೆ ಮರದಲ್ಲಿ. ತುಳುವರು ಆಟಿ ಅಮಾವಾಸ್ಯೆಯ ಬೆಳಿಗ್ಗೆ ತೊಗಟೆ ತಂದು ಕಷಾಯ ಮಾಡಿ ಕುಡಿಯುವ ಅದೇ ಪಾಲೆ. ಅದರ ಹೂವಿನ ಕಂಪು ರಾತ್ರಿ ದಟ್ಟವಾದಾಗ ಅವಳು ಬಂದಳೆಂದು ಲೆಕ್ಕ. ಸುಣ್ಣ ಕೊಟ್ಟು ಮಾತಿಗೆ ನಿಂತವನಿಗೆ ತಾಳೆಮರ ಏಳಂತಸ್ತಿನ ಮಾಳಿಗೆಯಂತೆ ಕಾಣುತ್ತದೆ. ಬೆಳಗಾದರೆ ಮರದ ಬುಡದಲ್ಲಿ ಅವನ ಉಗುರು ಕೂದಲು ಮಾತ್ರ. ಈ ಕಥೆಗಳನ್ನು ಸಂಗ್ರಹಿಸಿ ಉಳಿಸಿದವರು ಕೊಟ್ಟಾರತ್ತಿಲ್ ಶಂಕುಣ್ಣಿ. ಅವರ 'ಐತಿಹ್ಯಮಾಲೆ' 1909ರಿಂದ 1934ರ ವರೆಗೆ ಎಂಟು ಸಂಪುಟಗಳಲ್ಲಿ ಹೊರಬಂತು.

ಗಮನಿಸಿದರೆ ಇಲ್ಲೂ ಹೊಸ್ತಿಲಿದೆ. ಯಕ್ಷಿ ಮೊದಲು ಕೇಳುತ್ತಾಳೆ. ಅವನು ಉತ್ತರ ಕೊಡದೆ ನಡೆದರೆ ಅವಳ ಆಟ ಸಾಗದು. ಕೊಡಲೇಬೇಕಾದರೆ ಕಬ್ಬಿಣದ ತುದಿಯಲ್ಲಿ ಸುಣ್ಣವಿಟ್ಟು ಕೊಡಬೇಕೆಂದು ಹಿರಿಯರು ಹೇಳುತ್ತಿದ್ದರು. ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ಪಡುವಣದಲ್ಲಿ ಅಪಾಯ ಗಂಡಿನ ರೂಪದಲ್ಲಿ ಬಂದರೆ ಇಲ್ಲಿ ಹೆಣ್ಣಿನ ರೂಪದಲ್ಲಿ ಬರುತ್ತದೆ. ಹೆದರುವವರು ರಾತ್ರಿ ದಾರಿ ನಡೆಯುವ ಗಂಡಸರು, ಕಥೆ ಹೇಳುವವರೂ ಅವರೇ. ಆದುದರಿಂದ ಯಕ್ಷಿಯ ಮನಸ್ಸಿನಲ್ಲೇನಿತ್ತು ಎಂದು ಕೇಳಿದವರಿಲ್ಲ. ಕಡಮಟ್ಟತ್ತು ಕತ್ತನಾರ್ ಎಂಬ ಮಂತ್ರವಾದಿ ಪಾದ್ರಿ ಯಕ್ಷಿಯ ನೆತ್ತಿಗೆ ಕಬ್ಬಿಣದ ಮೊಳೆ ಹೊಡೆದು ಅವಳನ್ನು ಮನೆಗೆಲಸದವಳನ್ನಾಗಿ ಮಾಡಿದ ಕಥೆ 'ಐತಿಹ್ಯಮಾಲೆ'ಯಲ್ಲಿದೆ. ತಲೆ ನೋಡುವಾಗ ಕೈಗೆ ಸಿಕ್ಕಿದ ಆ ಮೊಳೆಯನ್ನು ಅಯ್ಯೋ ಪಾಪವೆಂದು ಕಿತ್ತವಳು ಮನೆಯ ಹೆಂಗಸು. ಯಕ್ಷಿ ಕೂಡಲೇ ಮಾಯವಾದಳು. ಮೊಳೆ ಹೊಡೆದವನಿಗೆ ಕಾಣದ ನೋವು ತಲೆ ಬಾಚಿದವಳ ಕೈಗೆ ತಿಳಿಯಿತೆಂಬುದನ್ನು ಶಂಕುಣ್ಣಿಯವರು ಒತ್ತಿ ಹೇಳುವುದಿಲ್ಲ. ಆದರೆ ಕಥೆಯೊಳಗೆ ಅದಿದೆ.

1967ರಲ್ಲಿ ಮಲಯಾಟ್ಟೂರ್ ರಾಮಕೃಷ್ಣನ್ 'ಯಕ್ಷಿ' ಎಂಬ ಕಾದಂಬರಿ ಬರೆದರು. ಮರುವರ್ಷ ಅದು ಸತ್ಯನ್, ಶಾರದಾ ಅಭಿನಯದಲ್ಲಿ ಚಲನಚಿತ್ರವಾಯಿತು. ಅಪಘಾತದಲ್ಲಿ ಮುಖ ಸುಟ್ಟುಕೊಂಡ ಕಾಲೇಜು ಅಧ್ಯಾಪಕನನ್ನು ರಾಗಿಣಿ ಎಂಬ ಸುಂದರಿ ಪ್ರೀತಿಸಿ ಮದುವೆಯಾಗುತ್ತಾಳೆ. ಇಷ್ಟು ಚೆಲುವೆ ತನ್ನನ್ನು ಒಲಿಯಬೇಕಾದರೆ ಯಕ್ಷಿಯೇ ಇರಬೇಕೆಂದು ಅವನಿಗೆ ಸಂಶಯ ಹೊಕ್ಕು, ಆ ಸಂಶಯಕ್ಕೆ ಅವಳು ಬಲಿಯಾಗುತ್ತಾಳೆ. ರಕ್ತ ಹರಿಸಿದವರು ಯಾರು ಎಂದು ಓದುಗ ಕೊನೆಗೆ ತನ್ನನ್ನೇ ಕೇಳಿಕೊಳ್ಳಬೇಕಾಗುತ್ತದೆ. ನಮ್ಮ ಜಿಲ್ಲೆಯ ಚೆರುವತ್ತೂರಿನವರಾದ ಶಿಲ್ಪಿ ಕಾನಾಯಿ ಕುಂಞಿರಾಮನ್ 1969ರಲ್ಲಿ ಮಲಂಪುಳ ಅಣೆಕಟ್ಟಿನ ಉದ್ಯಾನದಲ್ಲಿ ಬೃಹತ್ ಯಕ್ಷಿಯನ್ನು ಕಟ್ಟಿ ಕೂರಿಸಿದಾಗ ಅವಳ ನಗ್ನತೆಗೆ ಪ್ರತಿಭಟನೆ ಬಂತು. ಬಟ್ಟೆಯಿಲ್ಲದ ಆ ಹೆಣ್ಣು ಯಾರನ್ನೂ ತಿನ್ನಲು ಹೊರಟಂತಿಲ್ಲ, ಆಕಾಶದ ಕಡೆ ಮುಖವೆತ್ತಿ ಕುಳಿತಿದ್ದಾಳೆ. ಇನ್ನು 2025ರಲ್ಲಿ ತೆರೆಕಂಡ ಮಲೆಯಾಳ ಚಿತ್ರ 'ಲೋಕಃ'ದಲ್ಲಿ ಕಳ್ಳಿಯಂಕಾಟ್ಟು ನೀಲಿ ಎಂಬ ಹಳೆಯ ಯಕ್ಷಿ ಬೆಂಗಳೂರಿನಲ್ಲಿ ವಾಸಿಸುವ ಚಂದ್ರಾ ಎಂಬ ಯುವತಿಯಾಗಿ ಬಂದಳು. ಎದುರು ಮನೆಯ ಹುಡುಗ ಅವಳಿಗೆ ಮನಸೋಲುತ್ತಾನೆ, ಅವಳು ಜನರನ್ನು ಕಾಪಾಡುತ್ತಾಳೆ. ಮೊಳೆ ಕಿತ್ತ ಆ ಹೆಂಗಸಿನ ಕೆಲಸವನ್ನು ಸಿನೆಮಾದವರು ಮುಂದುವರಿಸಿದಂತೆ ಕಾಣುತ್ತದೆ.

ಹೆತ್ತವರ ಪ್ರಶ್ನೆ

ಹಾಗಾದರೆ ಈ ಕಥೆಗಳಿಂದ ಕೆಡುಕೇನೂ ಇಲ್ಲವೇ ಎಂದು ಹೆಣ್ಣುಮಕ್ಕಳ ಹೆತ್ತವರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಇಲ್ಲವೆನ್ನಲು ನಾವು ಸಿದ್ಧರಿಲ್ಲ. 'ಟ್ವೈಲೈಟ್'ನ ಎಡ್ವರ್ಡ್ ಬೆಲ್ಲಾಳನ್ನು ಕಚ್ಚುವುದಿಲ್ಲ ನಿಜ. ಆದರೆ ಅವಳಿಗೆ ತಿಳಿಯದಂತೆ ರಾತ್ರಿ ಅವಳ ಕೋಣೆಗೆ ನುಗ್ಗಿ ಅವಳು ನಿದ್ರಿಸುವುದನ್ನು ನೋಡುತ್ತಾ ಕೂರುತ್ತಾನೆ. ಅವಳು ಯಾರನ್ನು ಕಾಣಬೇಕು, ಎಲ್ಲಿಗೆ ಹೋಗಬಾರದು ಎಂಬುದನ್ನೂ ತೀರ್ಮಾನಿಸಲು ಹೊರಡುತ್ತಾನೆ. ಹಳೆಯ ರಕ್ತಪಿಶಾಚಿಗಿದ್ದ ಹೊಸ್ತಿಲಿನ ನಿಯಮ ಇವನಿಗಿಲ್ಲ! ಅಮೆರಿಕದಲ್ಲೇ ಅನೇಕ ವಿಮರ್ಶಕರು ಇದನ್ನು ಎತ್ತಿ ತೋರಿಸಿದ್ದಾರೆ. ಕಾಯುವುದನ್ನೂ ಕಾವಲಿಡುವುದನ್ನೂ ಒಂದೇ ಎಂದು ನಂಬಿದ ಹುಡುಗಿ ನಾಳೆ ನಿಜವಾದ ಮನೆಯೊಂದರಲ್ಲಿ ಅದರ ಬೆಲೆ ತೆರಬೇಕಾದೀತು.

ಈ ಮಾತಿಗೆ ಸಾಕ್ಷಿ ಹುಡುಕಿ ದೂರ ಹೋಗಬೇಕಾಗಿಲ್ಲ. 'ಟ್ವೈಲೈಟ್'ನ ಅಭಿಮಾನಿಯಾಗಿದ್ದ ಬ್ರಿಟನ್ನಿನ ಲೇಖಕಿಯೊಬ್ಬರು ಅದೇ ಪಾತ್ರಗಳನ್ನಿಟ್ಟು ಕಥೆ ಬರೆದು, ಆಮೇಲೆ ಹೆಸರು ಬದಲಿಸಿ 2011ರಲ್ಲಿ 'ಫಿಫ್ಟಿ ಶೇಡ್ಸ್ ಆಫ್ ಗ್ರೇ' ಎಂದು ಪ್ರಕಟಿಸಿದರು. ಅದರಲ್ಲಿ ರಕ್ತಪಿಶಾಚಿಯಿಲ್ಲ. ಕೋರೆಹಲ್ಲು ಕಿತ್ತಮೇಲೆ ಉಳಿದವನು ಯಾರು? ಹುಡುಗಿಯ ಊಟ, ಉಡುಗೆ, ಓಡಾಟಗಳನ್ನೆಲ್ಲ ತಾನೇ ನಿರ್ಧರಿಸಬಯಸುವ ಕೋಟ್ಯಧೀಶ. ಅಂದರೆ ಬೈರನ್‌ನ ಆಸ್ಥಾನದಿಂದ ಹೊರಟ ಜಮೀನ್ದಾರ ಲಾರ್ಡ್ ರುತ್ವೆನ್ ಸುತ್ತು ಬಳಸಿ ಮತ್ತೆ ಬಂದು ಕುರ್ಚಿಯಲ್ಲಿ ಕುಳಿತಂತಾಯಿತು. ದೆವ್ವಕ್ಕಾದರೂ ಒಂದು ನಿಯಮವಿತ್ತು, ಹಣವಂತನಿಗೆ ಅದೂ ಇಲ್ಲ.

ಪುಸ್ತಕವನ್ನು ಕಸಿದುಕೊಳ್ಳುವುದು ಇದಕ್ಕೆ ಪರಿಹಾರವಲ್ಲ. ಕಸಿದ ಪುಸ್ತಕವನ್ನು ಕದ್ದು ಓದುವ ರುಚಿಯೇ ಬೇರೆ ಎಂಬುದು ಪತ್ತೇದಾರಿ ಕಾದಂಬರಿಗಳನ್ನು ಪಾಠಪುಸ್ತಕದೊಳಗಿಟ್ಟು ಓದಿ ಬೆಳೆದ ನಮ್ಮ ತಲೆಮಾರಿಗೆ ತಿಳಿಯದ್ದೇನಲ್ಲ. ಮಗಳು ಇಂಥ ಪುಸ್ತಕ ಓದುತ್ತಿದ್ದರೆ ತಾಯಿಯೂ ಓದಲಿ, ಸಾಧ್ಯವಾದರೆ ತಂದೆಯೂ ಓದಲಿ. ಓದಿ ಮುಗಿಸಿದ ಮೇಲೆ ಒಂದೇ ಒಂದು ಪ್ರಶ್ನೆಯನ್ನು ಮನೆಯಲ್ಲಿ ಚರ್ಚಿಸಿದರೆ ಸಾಕು: ಇವನು ಬಾಗಿಲಲ್ಲಿ ನಿಂತು ಕೇಳಿದನೇ, ಅಥವಾ ಕಿಟಕಿಯಿಂದ ನುಗ್ಗಿದನೇ? ಈ ಒಂದು ಅಳತೆಗೋಲನ್ನು ಕೈಗೆ ಕೊಟ್ಟರೆ ಹದಿನೇಳರ ಹುಡುಗಿ ಯಾವ ಕಥಾನಾಯಕನನ್ನೂ ಅಳೆಯಬಲ್ಲಳು. ಕಥೆಯ ಹೊರಗೆ ಎದುರಾಗುವವರನ್ನೂ ಅಳೆಯಬಲ್ಲಳು.

ಗೂಟ, ಮೊಳೆ, ಬೆಳ್ಳುಳ್ಳಿ, ಶಿಲುಬೆ ಎಂದು ರಕ್ತಪಿಶಾಚಿಯನ್ನು ತಡೆಯುವ ಸಾಧನಗಳನ್ನು ಹಿಂದಿನವರು ಬಹಳ ಹೇಳಿದ್ದಾರೆ. ಅವೆಲ್ಲಕ್ಕಿಂತ ಮುಂಚೆ, ಯಾವ ಮಂತ್ರವಾದಿಯ ಹಂಗೂ ಇಲ್ಲದೆ ಮನೆಯೊಳಗಿನ ಹೆಣ್ಣಿನ ಬಾಯಲ್ಲೇ ಇ­ದ್ದ ಒಂದು ಸಾಧನವನ್ನು ಈ ಕಥೆಗಳು ಗುರುತಿಸಿದವು. ಅದು "ಬೇಡ" ಎಂಬ ಎರಡಕ್ಷರ. ಆ ಎರಡಕ್ಷರಕ್ಕೆ ಲೋಕದ ಅತಿ ಬಲಶಾಲಿಯೂ ತಲೆಬಾಗಿ ನಿಲ್ಲುತ್ತಾನೆ ಎಂದು ನಂಬಿಸುವ ಕಥೆಗೆ ಹೆಣ್ಣುಮಕ್ಕಳು ಇನ್ನೂರು ವರ್ಷಗಳಿಂದ ಮನಸೋಲುತ್ತ ಬಂದಿದ್ದರೆ ಅದರಲ್ಲಿ ನಾವು ನಗುವಂಥದ್ದೇನೂ ಕಾಣುವುದಿಲ್ಲ. ಕಥೆಯಲ್ಲಿ ರಕ್ತಪಿಶಾಚಿ ಪಾಲಿಸುವ ಈ ನಿಯಮವನ್ನು ಊರಿನ ಗಂಡಸರು ಪಾಲಿಸುವುದು ಎಂದಿಗೆ ಎಂಬುದಷ್ಟೇ ಉಳಿದ ಪ್ರಶ್ನೆ.